ಕಟ್ಟಿಕೊಂಡವಳು, ಇಟ್ಟುಕೊಂಡವಳು ಮತ್ತು 1931ರ ಒಂದು ರೈಲು

ಮುಸ್ಸಂಜೆ. ಕಾರ್ಖಾನೆ ಕೆಲಸ ಮುಗಿಸಿದ ಹುಡುಗಿಯೊಬ್ಬಳು ರೈಲು ಹಳಿಯ ಪಕ್ಕ ನಿಂತಿದ್ದಾಳೆ. ಅವಳೆದುರು ರೈಲೊಂದು ಆಮೆಯ ಹಾಗೆ ತೆವಳಿಕೊಂಡು ಹೋಗುತ್ತಿದೆ. ದೀಪ ಹೊತ್ತಿಸಿದ ಕಿಟಕಿಗಳು ಒಂದೊಂದಾಗಿ ಅವಳ ಮುಂದೆ ಹಾಯುತ್ತವೆ. ಒಂದರಲ್ಲಿ ಅಡುಗೆಯವರು ಭಾರಿ ಊಟದ ತಯಾರಿಯಲ್ಲಿದ್ದಾರೆ. ಇನ್ನೊಂದರಲ್ಲಿ ಕೆಲಸದವಳು ಯಾರದೋ ರೇಷ್ಮೆಯ ಒಳಉಡುಪಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ಮುಂದಿನದರಲ್ಲಿ ಹೆಂಗಸೊಬ್ಬಳು ಕಾಲುಚೀಲ ಏರಿಸಿಕೊಳ್ಳುತ್ತಿದ್ದಾಳೆ. ಅದರಾಚೆ ಠಾಕುಠೀಕಾಗಿ ಉಡುಪು ತೊಟ್ಟ ಜೋಡಿಯೊಂದು ಕುಣಿಯುತ್ತಿದೆ. ಹುಡುಗಿ ರೆಪ್ಪೆ ಮಿಟುಕಿಸದೆ ನೋಡುತ್ತಾಳೆ.

ಕೊನೆಯ ಬೋಗಿಯ ತೆರೆದ ಜಗುಲಿ ಅವಳ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ಕೂತವನು ಅರ್ಧ ಅಮಲಿನಲ್ಲಿದ್ದಾನೆ. ಒಳಗೆ ಇಣುಕುತ್ತಿದ್ದೀಯಾ, ಅದು ತಪ್ಪು ದಿಕ್ಕು, ಒಳಗೆ ಬಂದು ಹೊರಗೆ ನೋಡಬೇಕು ಎಂಬರ್ಥದ ಮಾತು ಹೇಳಿ ಅವಳಿಗೆ ಶಾಂಪೇನ್ ಸುರಿದು ಕೊಡುತ್ತಾನೆ. ನ್ಯೂಯಾರ್ಕಿಗೆ ಬಂದರೆ ನನ್ನನ್ನು ಕಾಣು ಎಂದು ವಿಳಾಸವನ್ನೂ ಕೊಡುತ್ತಾನೆ. ರೈಲು ಹೊರಟುಹೋಗುತ್ತದೆ.

ಸಿನಿಮಾ ಶುರುವಾಗಿ ಕೆಲವೇ ನಿಮಿಷ ಆಗಿರುತ್ತದೆ. ಆಮೇಲಿನ ಕತೆಯೆಲ್ಲ ಆ ಕಿಟಕಿಗಳ ಒಳಗೆ ಹೋದವಳದ್ದು.

ಚಿತ್ರದ ಹೆಸರು ‘ಪೊಸೆಸ್ಡ್’. 1931ರ ನವೆಂಬರಿನಲ್ಲಿ ಎಂ.ಜಿ.ಎಂ. ಸ್ಟುಡಿಯೋ ಬಿಡುಗಡೆ ಮಾಡಿದ, ಒಂದೂಕಾಲು ಗಂಟೆಯ ಕಪ್ಪುಬಿಳುಪು ಚಿತ್ರ. ನಿರ್ದೇಶಕ ಕ್ಲಾರೆನ್ಸ್ ಬ್ರೌನ್. ಎಡ್ಗರ್ ಸೆಲ್ವಿನ್ 1920ರಲ್ಲಿ ರಂಗಕ್ಕೆ ತಂದ ‘ದಿ ಮಿರಾಜ್’ ನಾಟಕವನ್ನು ಆಧರಿಸಿ ಚಿತ್ರಕತೆ ಬರೆದಾಕೆ ಲೆನೋರ್ ಕಾಫಿ. ಹುಡುಗಿ ಮೇರಿಯನ್ ಆಗಿ ಜೋನ್ ಕ್ರಾಫರ್ಡ್, ಅವಳು ಸೇರುವ ಶ್ರೀಮಂತ ವಕೀಲ ಮಾರ್ಕ್ ವಿಟ್ನಿಯಾಗಿ ಕ್ಲಾರ್ಕ್ ಗೇಬಲ್. ಇಬ್ಬರೂ ಅದೇ ವರ್ಷ ಜೊತೆಯಾಗಿ ನಟಿಸಿದ ಮೂರನೇ ಚಿತ್ರ ಇದು. ಸ್ಟುಡಿಯೋಗಳು ಆಗ ಎಷ್ಟು ಅವಸರದಲ್ಲಿ ಸಿನಿಮಾ ಹೆರುತ್ತಿದ್ದವು ನೋಡಿ!

ಹೆಸರಿಗೆ ಎರಡು ಅರ್ಥ. ಒಬ್ಬರ ಸ್ವತ್ತಾದವಳು ಎಂಬುದು ಒಂದು, ಮೈಮೇಲೆ ಏನೋ ಬಂದವಳು ಎಂಬುದು ಇನ್ನೊಂದು. 1947ರಲ್ಲಿ ಇದೇ ಕ್ರಾಫರ್ಡ್ ಇದೇ ಹೆಸರಿನ ಬೇರೊಂದು ಚಿತ್ರದಲ್ಲಿ ನಟಿಸಿದಳು. ಕತೆ ಪೂರ್ತಿ ಬೇರೆ, ಎರಡನೇ ಅರ್ಥ ಸಲ್ಲುವುದು ಅದಕ್ಕೆ. ಹುಡುಕುವವರು ಇಸವಿ ನೋಡಿಕೊಳ್ಳಿ. ನಾನು ಮೊದಲ ಸಲ ತಪ್ಪು ಚಿತ್ರವನ್ನು ಅರ್ಧದವರೆಗೆ ನೋಡಿ, ಗೇಬಲ್ ಯಾಕಿನ್ನೂ ಬರಲಿಲ್ಲ ಅಂತ ಕಾಯುತ್ತಾ ಕೂತಿದ್ದೆ.

ಮೇಲ್ನೋಟಕ್ಕೆ ಕತೆ ಬಹಳ ಹಳೆಯದು. ಬಡ ಹುಡುಗಿ, ಅವಳನ್ನು ಮದುವೆಯಾಗುತ್ತೇನೆನ್ನುವ ಬಡ ಹುಡುಗ, ಅತ್ತ ಹಣವಂತ. ಪ್ರೀತಿಯೋ ದುಡ್ಡೋ ಎಂಬ ಪ್ರಶ್ನೆ. ಬಡ ಹುಡುಗನ ಕಡೆ ಪ್ರೀತಿ, ಹಣವಂತನ ಕಡೆ ದುಡ್ಡು ಎಂದು ನಾವು ಮೊದಲೇ ಹಂಚಿ ಇಟ್ಟುಬಿಡುತ್ತೇವೆ. ಈ ಚಿತ್ರ ಆ ಹಂಚಿಕೆಯನ್ನೇ ಕೆಡಿಸುತ್ತದೆ. ಹೇಗೆ ಅನ್ನುವುದು ತಿಳಿಯಬೇಕಾದರೆ ಆ ಕಾಲದ ಅಮೆರಿಕದಲ್ಲಿ ‘ಭದ್ರತೆ’ ಎಂಬ ಮಾತಿಗೆ ಏನು ಅರ್ಥವಿತ್ತು ಎಂದು ಮೊದಲು ನೋಡಬೇಕು.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1931ರ ಹೊತ್ತಿಗೆ ದುಡಿಯುವ ನೂರು ಮಂದಿಯಲ್ಲಿ ಸುಮಾರು 16 ಮಂದಿಗೆ ಕೆಲಸವಿರಲಿಲ್ಲ. 1933ಕ್ಕೆ ಅದು ನಾಲ್ವರಲ್ಲಿ ಒಬ್ಬರು ಎಂಬಲ್ಲಿಗೆ ಬಂತು. 1931ರ ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು. ಈಗಿನವರಿಗೆ ಥಟ್ಟನೆ ಹೊಳೆಯದ ಸಂಗತಿಯೊಂದಿದೆ. ಬ್ಯಾಂಕು ಮುಳುಗಿದರೆ ಠೇವಣಿ ಹಿಂದಿರುಗಿಸುವ ರಾಷ್ಟ್ರೀಯ ವಿಮೆ ಆಗ ಇರಲೇ ಇಲ್ಲ, ಅದಕ್ಕೆ ಕಾನೂನು ಬಂದದ್ದು 1933ರಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ನಿರುದ್ಯೋಗ ಭತ್ಯೆ, ಮುದುಕರ ಪಿಂಚಣಿ ವ್ಯವಸ್ಥೆಗೆ ತಳಪಾಯ ಬಿದ್ದದ್ದು 1935ರಲ್ಲಿ. ಅಂದರೆ ಮೇರಿಯನ್ ರೈಲು ನೋಡುತ್ತಾ ನಿಂತಾಗ ಅವಳ ಕೆಳಗೆ ಹಿಡಿದ ಬಲೆ ಯಾವುದೂ ಇಲ್ಲ. ಕೆಲಸ ಹೋದರೆ ಹೋಯಿತು. ಕೂಡಿಟ್ಟದ್ದು ಮುಳುಗಿದರೆ ಮುಳುಗಿತು.

ಹೆಂಗಸಿಗೆ ಇನ್ನೂ ಒಂದು ತೊಡಕು. ಇರುವ ಕೆಲವೇ ಕೆಲಸಗಳು ಮನೆಯ ಯಜಮಾನರಿಗೆ ಸಿಗಲಿ ಎಂಬ ಕೂಗು ಜೋರಾಗಿತ್ತು. ಮದುವೆಯಾದ ಶಿಕ್ಷಕಿಯನ್ನು ಕೆಲಸದಿಂದ ಬಿಡಿಸುವ ನಿಯಮ ಎಷ್ಟೋ ಊರುಗಳಲ್ಲಿತ್ತು. 1932ರಲ್ಲಿ ಸರ್ಕಾರವೇ ಕಾನೂನು ಮಾಡಿತು: ಸಿಬ್ಬಂದಿ ಕಡಿತ ಮಾಡುವಾಗ, ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರೆ ಅಂಥವರನ್ನು ಮೊದಲು ತೆಗೆಯಬೇಕು. ಕೆಲಸ ಬಿಟ್ಟು ಹೋದವರು ಹೆಚ್ಚಾಗಿ ಹೆಂಡತಿಯರೇ. ಇತ್ತ ಮದುವೆಗಳೂ ಕಡಿಮೆಯಾದವು. ಸಂಸಾರ ಹೂಡಲು ಕಾಸಿಲ್ಲದ ಹುಡುಗರು ಮುಂದೆ ನೋಡೋಣ ಅನ್ನುತ್ತಿದ್ದರು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ ಮೇರಿಯನ್ ದುರಾಸೆಯವಳಾಗಿ ಕಾಣುವುದಿಲ್ಲ. ಪೆನ್ಸಿಲ್ವೇನಿಯಾದ ಈರಿ ಎಂಬ ಕೈಗಾರಿಕಾ ಊರಿನಲ್ಲಿ ಅವಳು ಕಾಗದದ ಪೆಟ್ಟಿಗೆ ಮಾಡುವ ಕಾರ್ಖಾನೆಯ ಕೂಲಿ. ಜೊತೆಯಲ್ಲಿ ದುಡಿಯುವ ಆಲ್ ಮ್ಯಾನಿಂಗ್‌ಗೆ ಅವಳನ್ನು ಮದುವೆಯಾಗುವ ಆಸೆ. ಮದುವೆಯಾದರೆ ಏನಾಗುತ್ತದೆ ಅನ್ನುವುದಕ್ಕೆ ಮನೆಯಲ್ಲಿ ದಣಿದು ಕೂತ ಅಮ್ಮನೇ ಸಾಕ್ಷಿ. ರೈಲಿನ ಕಿಟಕಿ ಕಂಡ ಸಂಜೆಯೇ ಆಲ್‌ನೊಡನೆಯೂ ಅಮ್ಮನೊಡನೆಯೂ ಜಗಳ ಕಾದು ನ್ಯೂಯಾರ್ಕಿನ ದಾರಿ ಹಿಡಿಯುತ್ತಾಳೆ.

ಕ್ರಾಫರ್ಡ್‌ಗೆ ಈ ಪಾತ್ರ ಹೊಂದಿಕೊಂಡದ್ದು ಸುಮ್ಮನೆ ಅಲ್ಲ. ಅವಳ ಹುಟ್ಟುಹೆಸರು ಲೂಸಿಲ್ ಲೆಸೂರ್. ತಾಯಿ ಕಾನ್ಸಸ್ ಸಿಟಿಯ ಲಾಂಡ್ರಿಯಲ್ಲಿ ದುಡಿದವಳು. ಹುಡುಗಿ ಶಾಲೆಯಲ್ಲೇ ಕೆಲಸ ಮಾಡಿಕೊಂಡು ಓದಿದಳು, ಆಮೇಲೆ ಗುಂಪು ನೃತ್ಯದಲ್ಲಿ ಕುಣಿದಳು. 1925ರಲ್ಲಿ ಎಂ.ಜಿ.ಎಂ. ಸೇರಿದಾಗ ಪತ್ರಿಕೆಯೊಂದರಲ್ಲಿ ಸ್ಪರ್ಧೆ ನಡೆಸಿ ಓದುಗರಿಂದ ಅವಳಿಗೆ ಹೊಸ ಹೆಸರು ಆರಿಸಿದರು. ಹೆಸರೂ ಸ್ಟುಡಿಯೋ ಕೊಟ್ಟದ್ದು, ನಡೆನುಡಿಯೂ ಕಲಿತದ್ದು. ‘ಪೊಸೆಸ್ಡ್’ನಲ್ಲಿ ಮಾರ್ಕ್ ತನ್ನ ಪ್ರೇಯಸಿಗೆ ಮಾಡಿಸುವುದೂ ಇದನ್ನೇ.

ನ್ಯೂಯಾರ್ಕಿನಲ್ಲಿ ರೈಲಿನ ಆ ಆಸಾಮಿ ವಾಲಿ ಸ್ಟುವರ್ಟ್‌ನ ಮನೆ ಬಾಗಿಲು ತಟ್ಟುತ್ತಾಳೆ. ಅಮಲಿಳಿದ ಅವನಿಗೆ ಇದೇನು ಗ್ರಹಚಾರ ಅನ್ನಿಸುತ್ತದೆ. ಆದರೂ ಅವನ ಬಾಯಿಂದ ಉಪದೇಶವೊಂದು ಹೊರಡುತ್ತದೆ: ದುಡ್ಡಿದ್ದ ಗಂಡಸನ್ನು ಹಿಡಿ. ಅಲ್ಲೇ ಎದುರಾಗುವ ಮಾರ್ಕ್‌ನನ್ನು ಅವಳು ನೀವು ಶ್ರೀಮಂತರಾ ಅಂತ ನೇರವಾಗಿಯೇ ಕೇಳುತ್ತಾಳೆ. ಅವಳ ಈ ಬಿಚ್ಚುಮಾತು ಅವನಿಗೆ ಹಿಡಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅವಳು ಅವನ ಪ್ರೇಯಸಿ. ಒಳ್ಳೆಯ ಮನೆ, ಎಂ.ಜಿ.ಎಂ.ನ ವಸ್ತ್ರವಿನ್ಯಾಸಕ ಏಡ್ರಿಯನ್ ಹೊಲಿದುಕೊಟ್ಟ ಉಡುಪು, ಪುಸ್ತಕ, ಸಂಗೀತ, ಊಟದ ಮೇಜಿನ ರೀತಿನೀತಿ. ಮೂರು ವರ್ಷ ಕಳೆದ ಮೇಲೆ ಅತಿಥಿಗಳ ಮುಂದೆ ಪಿಯಾನೋ ನುಡಿಸುತ್ತಾ ಒಂದೇ ಹಾಡನ್ನು ಬೇರೆ ಬೇರೆ ಭಾಷೆಯಲ್ಲಿ ಹಾಡುವಷ್ಟು ಪಳಗಿರುತ್ತಾಳೆ. ಹಾಡಿನ ಹೆಸರು ‘ಹೌ ಲಾಂಗ್ ವಿಲ್ ಇಟ್ ಲಾಸ್ಟ್’, ಇದು ಎಷ್ಟು ದಿನದ್ದು ಅಂತ. ಅವಳ ಪರಿಸ್ಥಿತಿಗೆ ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ.

ಕನ್ನಡದಲ್ಲಿ ನಾವು ಬಹಳ ಸಲೀಸಾಗಿ ಆಡುವ ಎರಡು ಮಾತುಗಳಿವೆ: ಕಟ್ಟಿಕೊಂಡವಳು, ಇಟ್ಟುಕೊಂಡವಳು. ತಾಳಿ ಕಟ್ಟಿಸಿಕೊಂಡವಳು ಮೊದಲನೆಯವಳು. ಇಟ್ಟ ವಸ್ತುವಿನ ಹಾಗೆ ಎರಡನೆಯವಳು, ಇಟ್ಟವನು ಎತ್ತಲೂಬಹುದು. ಎರಡೂ ಮಾತಿನಲ್ಲಿ ಕರ್ತೃ ಗಂಡಸೇ, ಅದು ಬೇರೆ ವಿಷಯ. ಇವೆರಡರ ನಡುವಿನ ಅಂತರದಲ್ಲೇ ಈ ಚಿತ್ರದ ಮುಖ್ಯ ಗಂಟಿದೆ. ಮೇರಿಯನ್‌ಗೆ ದುಡ್ಡು ಬಂತು, ಪ್ರೀತಿಯೂ ಬಂತು. ಮಾರ್ಕ್ ಅವಳನ್ನು ನಿಜವಾಗಿ ಪ್ರೀತಿಸುತ್ತಾನೆ, ಅವಳೂ ಅಷ್ಟೇ. ಬಾರದೇ ಇದ್ದದ್ದು ಕಾಗದ. ನಾಳೆ ಅವನು ಕೈಬಿಟ್ಟರೆ ಕೋರ್ಟಿನಲ್ಲಿ ನಿಂತು ಕೇಳುವ ಹಕ್ಕು ಅವಳಿಗಿಲ್ಲ. ಹೆಂಡತಿಯನ್ನು ಬಿಟ್ಟರೆ ಜೀವನಾಂಶ ಕೊಡಬೇಕು. ಪ್ರೇಯಸಿಯನ್ನು ಬಿಟ್ಟರೆ ಬಾಡಿಗೆ ನಿಲ್ಲಿಸಿದರೆ ಸಾಕು.

ಇದನ್ನು ಮುಚ್ಚಿಡಲು ಇಬ್ಬರೂ ಸೇರಿ ಹೆಣೆಯುವ ಸುಳ್ಳು ನೋಡಿ. ಸಮಾಜದ ಕಣ್ಣಿಗೆ ಅವಳು ‘ಮಿಸೆಸ್ ಮೋರ್‌ಲ್ಯಾಂಡ್’, ವಿಚ್ಛೇದನ ಪಡೆದು ಹಳೆಯ ಗಂಡ ಕೊಡುವ ಜೀವನಾಂಶದಲ್ಲಿ ಸುಖವಾಗಿರುವ ಹೆಂಗಸು. ಈ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹರಿತವಾಗಿ ಕಂಡ ಸಂಗತಿ ಇದು. ಗಂಡಸಿನ ದುಡ್ಡಿನಲ್ಲಿ ಬದುಕುತ್ತಿದ್ದಾಳೆ ಎಂಬುದನ್ನು ಸುಳ್ಳು ಮುಚ್ಚುವುದೇ ಇಲ್ಲ, ಅದು ಯಾರಿಗೂ ತಪ್ಪಾಗಿ ಕಾಣುವುದೂ ಇಲ್ಲ. ದುಡ್ಡಿನ ಹಿಂದೆ ಒಂದು ಕಾಲದಲ್ಲಿ ಮದುವೆ ಇತ್ತು ಎಂದಾದರೆ ಸಾಕು. ಈಗ ಪ್ರೀತಿಸುವವನು ಕೊಟ್ಟರೆ ನಾಚಿಕೆಗೇಡು, ಹಿಂದೆ ಬಿಟ್ಟವನು ಕೊಟ್ಟರೆ ಮರ್ಯಾದೆ!

ಆ ಮರ್ಯಾದೆಯ ಹೊರಪದರ ಎಷ್ಟು ತೆಳು ಎಂದು ಒಂದು ಔತಣದಲ್ಲಿ ಬಯಲಾಗುತ್ತದೆ. ಮಾರ್ಕ್‌ನ ಗೆಳೆಯನೊಬ್ಬ ತನ್ನ ಜೊತೆಗಾರ್ತಿಯನ್ನು ಕರೆತರುತ್ತಾನೆ. ಹೆಸರು ವರ್ನೀಸ್, ಗಟ್ಟಿ ದನಿ, ನಡೆನುಡಿಯ ಹದ ಗೊತ್ತಿಲ್ಲದವಳು. ಇಂಥವಳನ್ನು ಇಲ್ಲಿಗೆ ಯಾಕೆ ತಂದೆ ಎಂದು ಮಾರ್ಕ್ ಗೆಳೆಯನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವಳಿಗೂ ಮೇರಿಯನ್‌ಗೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಅಲ್ಲಿ ಏಳದೇ ಇರುತ್ತದೆಯೇ? ಅದು ಮೇರಿಯನ್‌ಗೂ ಮುಟ್ಟುತ್ತದೆ. ಕ್ರಾಫರ್ಡ್‌ನ ದೊಡ್ಡ ಕಣ್ಣುಗಳು ಅಲ್ಲಿ ಮಾಡುವ ಕೆಲಸವನ್ನು ಮಾತಿನಲ್ಲಿ ಹೇಳಹೋದರೆ ಹತ್ತು ವಾಕ್ಯ ಬೇಕು.

ಕಣ್ಣಿನ ಮಾತು ಬಂದದ್ದರಿಂದ ಧ್ವನಿಯ ವಿಷಯಕ್ಕೂ ಬರೋಣ. ಹಾಲಿವುಡ್ ಚಿತ್ರಗಳು ಮಾತು ಕಲಿತು ಆಗಿನ್ನೂ ನಾಲ್ಕು ವರ್ಷ. 1927ರ ಅಕ್ಟೋಬರಿನಲ್ಲಿ ‘ದಿ ಜಾಝ್ ಸಿಂಗರ್’ ಬಂದ ಮೇಲೆ ಎಲ್ಲರೂ ಟಾಕಿಯ ಹಿಂದೆ ಬಿದ್ದರು. (ನಮ್ಮಲ್ಲಿ ‘ಆಲಂ ಆರಾ’ 1931ರ ಮಾರ್ಚಿನಲ್ಲಿ ಬಂತು. ಕನ್ನಡ ಚಿತ್ರ ಮಾತಾಡಲು 1934ರ ‘ಸತಿ ಸುಲೋಚನಾ’ದವರೆಗೆ ಕಾಯಬೇಕಿತ್ತು.) ಮೊದಲ ಒಂದೆರಡು ವರ್ಷದ ಟಾಕಿಗಳನ್ನು ಈಗ ನೋಡಿದರೆ ಆಕಳಿಕೆ ಬರುತ್ತದೆ, ಅದಕ್ಕೆ ಕಾರಣ ಯಂತ್ರ. ಕ್ಯಾಮೆರಾ ಗರಗರ ಸದ್ದು ಮಾಡುತ್ತಿತ್ತು. ಸದ್ದು ಮೈಕಿಗೆ ಬೀಳಬಾರದೆಂದು ಕ್ಯಾಮೆರಾವನ್ನೂ ಅದನ್ನು ನಡೆಸುವವನನ್ನೂ ಗಾಳಿಯಾಡದ ಪೆಟ್ಟಿಗೆಯೊಳಗೆ ಕೂಡಿಹಾಕುತ್ತಿದ್ದರು. ಮೈಕು ಒಂದೆಡೆ ಅಡಗಿರುತ್ತಿತ್ತು. ನಟರು ಅದರ ಸುತ್ತ ಗುಂಪುಗೂಡಿ, ಕದಲದೆ, ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮಾತಾಡಬೇಕಿತ್ತು. ಮೂಕಿಚಿತ್ರಗಳು ಸಂಪಾದಿಸಿದ್ದ ಓಟ, ತೇಲಾಟ ಎಲ್ಲ ರಾತ್ರೋರಾತ್ರಿ ಮಾಯವಾಯಿತು.

1931ರ ಹೊತ್ತಿಗೆ ಕ್ಯಾಮೆರಾಕ್ಕೆ ಸದ್ದಡಗಿಸುವ ಕವಚ ಬಂದಿತ್ತು, ಉದ್ದ ಕೋಲಿಗೆ ಕಟ್ಟಿದ ಮೈಕು ನಟರ ತಲೆಯ ಮೇಲೆ ಓಡಾಡತೊಡಗಿತ್ತು. ಕ್ಲಾರೆನ್ಸ್ ಬ್ರೌನ್ ಮೂಕಿಯಲ್ಲಿ ಪಳಗಿದವನು, ಎಂಜಿನಿಯರಿಂಗ್ ಓದಿದವನೂ ಹೌದು. ರೈಲಿನ ದೃಶ್ಯದಲ್ಲಿ ಅವನ ಎರಡೂ ವಿದ್ಯೆ ಕೂಡಿವೆ. ಹುಡುಗಿ ನಿಂತಿದ್ದಾಳೆ, ಚೌಕಟ್ಟುಗಳು ಒಂದರ ಹಿಂದೊಂದು ಬೆಳಕಿನಲ್ಲಿ ಹಾಯುತ್ತಿವೆ. ಫಿಲ್ಮಿನ ಸುರುಳಿಯನ್ನು ದೀಪಕ್ಕೆ ಹಿಡಿದು ಎಳೆದರೆ ಕಾಣುವುದೂ ಹೀಗೆಯೇ. ಅಂದರೆ ಮೇರಿಯನ್ ಆ ಹೊತ್ತು ಸಿನಿಮಾ ನೋಡುತ್ತಿದ್ದಾಳೆ. ಕೆಲಸ ಕಳೆದುಕೊಂಡು, ಜೇಬಲ್ಲಿ ಉಳಿದ ಚಿಲ್ಲರೆ ಕೊಟ್ಟು ಟಾಕೀಸಿನ ಕತ್ತಲಲ್ಲಿ ಕೂತವರು ಅವಳನ್ನು ನೋಡುತ್ತಿದ್ದಾರೆ. ಒಳಗೆ ಹೇಗೆ ಹೋಗುವುದೆಂಬ ಚಿಂತೆ ಇಬ್ಬರಿಗೂ ಒಂದೇ. ಆ ಹೊತ್ತಿನ ಮೌನಕ್ಕೆ ಇಷ್ಟು ತೂಕ ಬಂದದ್ದು ಮಿಕ್ಕ ಚಿತ್ರ ಮಾತಾಡುವುದರಿಂದಲೇ.

ಇನ್ನು ಇಂಥ ಕತೆಯನ್ನು ತೆರೆಗೆ ತರಲು ಬಿಟ್ಟವರು ಯಾರು ಎಂಬ ಪ್ರಶ್ನೆ. ಹಾಲಿವುಡ್‌ನ ನೀತಿಸಂಹಿತೆ, ಜನ ‘ಹೇಸ್ ಕೋಡ್’ ಅನ್ನುತ್ತಿದ್ದದ್ದು, 1930ರ ಮಾರ್ಚಿನಲ್ಲೇ ಒಪ್ಪಿಗೆಯಾಗಿತ್ತು. ಬರೆದವರು ಡೇನಿಯಲ್ ಲಾರ್ಡ್ ಎಂಬ ಪಾದ್ರಿ ಮತ್ತು ಮಾರ್ಟಿನ್ ಕ್ವಿಗ್ಲಿ ಎಂಬ ಪತ್ರಿಕಾ ಪ್ರಕಾಶಕ. ಮದುವೆಯಾಚೆಯ ಸಂಬಂಧ ಆಕರ್ಷಕವಾಗಿ ಕಾಣಬಾರದು ಎಂಬುದು ಅದರಲ್ಲಿತ್ತು. ಆದರೆ ಕೋಡಿಗೆ ಆಗ ಹಲ್ಲಿರಲಿಲ್ಲ. ಜೇಸನ್ ಜಾಯ್ ಎಂಬ ಅಧಿಕಾರಿ ಚಿತ್ರಕತೆ ಓದಿ ಸಲಹೆ ಬರೆಯುತ್ತಿದ್ದ. ಸ್ಟುಡಿಯೋಗೆ ಒಪ್ಪಿಗೆಯಾಗದಿದ್ದರೆ ತಗಾದೆ ಹೋಗುತ್ತಿದ್ದದ್ದು ಬೇರೆ ನಿರ್ಮಾಪಕರ ಪಂಚಾಯಿತಿಗೆ. ಇವತ್ತು ನಾನು ನಿನ್ನ ಚಿತ್ರ ತಡೆದರೆ ನಾಳೆ ನೀನು ನನ್ನದನ್ನು ತಡೆಯುತ್ತೀ, ಹಾಗಿರುವಾಗ ಪಂಚರ ತೀರ್ಪು ಏನಿರುತ್ತಿತ್ತು ಊಹಿಸಿಕೊಳ್ಳಿ. ನಿಜವಾಗಿ ಕತ್ತರಿ ಆಡಿಸುತ್ತಿದ್ದವರು ರಾಜ್ಯಗಳ ಸೆನ್ಸಾರ್ ಮಂಡಳಿಗಳು. ಅಂಥ ಮಂಡಳಿಗೆ ಎಲ್ಲ ರಾಜ್ಯಗಳಿಗಿಂತ ಮೊದಲು, 1911ರಲ್ಲೇ, ಕಾನೂನು ಮಾಡಿದ್ದು ಮೇರಿಯನ್‌ಳ ತವರು ಪೆನ್ಸಿಲ್ವೇನಿಯಾ!

1934ರ ಜುಲೈನಲ್ಲಿ ಆಟ ಬದಲಾಯಿತು. ಕೋಡ್ ಜಾರಿಗೆ ತರುವ ಹೊಣೆ ಹೊತ್ತ ಜೋಸೆಫ್ ಬ್ರೀನ್‌ನ ಕಚೇರಿಯ ಮುದ್ರೆ ಇಲ್ಲದ ಚಿತ್ರ ಬಿಡುಗಡೆ ಮಾಡಿದರೆ 25,000 ಡಾಲರ್ ದಂಡ ಎಂದಾಯಿತು. ಆ ನಡುವಿನ ನಾಲ್ಕು ವರ್ಷದ ಚಿತ್ರಗಳನ್ನೇ ಈಗ ‘ಪ್ರಿ-ಕೋಡ್’ ಅನ್ನುವುದು. ಹೆಸರು ತಪ್ಪು, ಕೋಡ್ ಇತ್ತು, ಪಾಲನೆ ಇರಲಿಲ್ಲ. ನಮಗೆ ಅರ್ಥವಾಗದ ಪರಿಸ್ಥಿತಿಯೇನಲ್ಲ ಬಿಡಿ.

ಹಲ್ಲಿಲ್ಲದ ಕೋಡ್ ಆದರೂ ಕತೆಯ ಕೊನೆಯ ಮೇಲೆ ಅದರ ನೆರಳು ಬಿದ್ದೇ ಬೀಳುತ್ತಿತ್ತು. ಪಾಪ ತೋರಿಸಬಹುದು, ಆದರೆ ಕಡೆಗೆ ಅವಳು ಅನುಭವಿಸಬೇಕು. ಈ ಕಾಲದ ಎಷ್ಟೋ ಚಿತ್ರಗಳಲ್ಲಿ ಇಂಥ ನಾಯಕಿ ಬೀದಿಗೆ ಬೀಳುತ್ತಾಳೆ, ಇಲ್ಲವೇ ಸಾಯುತ್ತಾಳೆ. ‘ಪೊಸೆಸ್ಡ್’ ಅವಳಿಂದ ತ್ಯಾಗ ಮಾಡಿಸುತ್ತದೆ. ಚಿತ್ರ ತನಗರಿವಿಲ್ಲದೆಯೇ ಅತಿ ನಿಜವಾಗುವುದೂ ಇಲ್ಲೇ.

ಮಾರ್ಕ್ ಗವರ್ನರ್ ಚುನಾವಣೆಗೆ ನಿಲ್ಲಲು ಹೊರಡುತ್ತಾನೆ. ಮೇರಿಯನ್ ಜೊತೆಗಿನ ಸಂಬಂಧ ಮುಳುವಾಗುತ್ತದೆ ಎಂದು ರಾಜಕಾರಣಿ ಗೆಳೆಯರು ಎಚ್ಚರಿಸುತ್ತಾರೆ. ಹಾಗಾದರೆ ಮದುವೆಯಾಗಿಬಿಡುತ್ತೇನೆ ಅನ್ನುತ್ತಾನೆ ಮಾರ್ಕ್. ಆದರೆ ಗೆಳೆಯರಿಗೆ ಅದೂ ಬೇಡ. ಇದು ಮೇರಿಯನ್ ಕಿವಿಗೆ ಬೀಳುತ್ತದೆ. ಮೂರು ವರ್ಷ ಕಾದ ಕಾಗದ ಈಗ ಕೈಗೆಟುಕುವಷ್ಟು ಹತ್ತಿರ. ಅವಳು ಅದನ್ನು ತಳ್ಳುತ್ತಾಳೆ. ನಿನ್ನ ಮೇಲೆ ಪ್ರೀತಿ ಉಳಿದಿಲ್ಲ, ಆಲ್‌ನನ್ನು ಮದುವೆಯಾಗುತ್ತೇನೆ ಎಂದು ಅವನಿಗೆ ಸುಳ್ಳು ಹೇಳುತ್ತಾಳೆ.

ಈ ಆಲ್ ಈಗ ಹಳೆಯ ಕೂಲಿ ಹುಡುಗನಲ್ಲ. ಸಿಮೆಂಟಿನ ವ್ಯವಹಾರದಲ್ಲಿ ಕೈತುಂಬ ಸಂಪಾದಿಸಿ, ಹೆದ್ದಾರಿ ಕಾಂಟ್ರ್ಯಾಕ್ಟ್ ಹಿಡಿಯಲು ನ್ಯೂಯಾರ್ಕಿಗೆ ಬಂದವನು. ಮಾರ್ಕ್‌ನ ಪರಿಚಯ ಅವಳಿಗಿದೆ ಅಂತ ತಿಳಿದಾಗಿನಿಂದ ಅವನ ಕಣ್ಣು ಆ ಕಾಂಟ್ರ್ಯಾಕ್ಟಿನ ಮೇಲೆ. ಅವಳು ತನ್ನ ಮೂರು ವರ್ಷದ ನಿಜವನ್ನು ಅವನ ಮುಂದೆ ಬಿಚ್ಚಿಡುತ್ತಾಳೆ. ಅವನು ಹೌಹಾರುತ್ತಾನೆ, ಇಂಥವಳನ್ನು ಹೇಗೆ ಕಟ್ಟಿಕೊಳ್ಳಲಿ ಎಂದು ಮುಖ ತಿರುಗಿಸುತ್ತಾನೆ. ಮರುಗಳಿಗೆಯಲ್ಲಿ ಹೆದ್ದಾರಿ ನೆನಪಾಗುತ್ತದೆ. ಇರಲಿ, ಹಳೆಯದನ್ನು ಮರೆಯೋಣ, ಮದುವೆಯಾಗುತ್ತೇನೆ! ಈ ತಿರುವು ನೋಡುವಾಗ ನನಗೆ ನಗು ಬಂತು, ಆಮೇಲೆ ಮೈ ಉರಿಯಿತು. ಮೇರಿಯನ್ ಅವನನ್ನು ಅಲ್ಲೇ ಕೈಬಿಡುತ್ತಾಳೆ. ನಾವು ಮೊದಲೇ ‘ಪ್ರೀತಿ’ ಅಂತ ಗುರುತು ಹಚ್ಚಿದ್ದ ಬಡ ಹುಡುಗ ಅವಳಿಗೆ ಬೆಲೆ ಕಟ್ಟಿದ. ‘ದುಡ್ಡು’ ಅಂತ ಗುರುತು ಹಚ್ಚಿದ್ದ ಹಣವಂತ, ಕುರ್ಚಿ ಹೋದರೂ ಸರಿ ಅಂದ. ಕಟ್ಟಿಕೊಳ್ಳುತ್ತೇನೆ ಎಂದವನಲ್ಲಿ ಪ್ರೀತಿಯಿಲ್ಲ, ಇಟ್ಟುಕೊಂಡವನಲ್ಲಿ ಇದೆ. ಇದೇ ಬ್ರೀನ್‌ನ ಕಾಲದಲ್ಲಾಗಿದ್ದರೆ ಚಿತ್ರಕತೆ ಅವನ ಮೇಜು ದಾಟುತ್ತಿತ್ತೇ?

ಚಿತ್ರದಲ್ಲಿ ನನಗೆ ತಕರಾರಿರುವುದು ಬೇರೆ ಕಡೆ. ಮೊದಲ ದೃಶ್ಯದ ಕಾರ್ಖಾನೆ ಮತ್ತೆ ಬರುವುದೇ ಇಲ್ಲ. ಇಷ್ಟೆಲ್ಲ ಕಲಿತ, ಇಷ್ಟು ಜಾಣೆಯಾದ ಹೆಂಗಸು ತಾನೇ ದುಡಿದು ತಿನ್ನಬಹುದು ಎಂಬ ಯೋಚನೆ ಚಿತ್ರಕ್ಕೂ ಬರುವುದಿಲ್ಲ, ಅವಳಿಗೂ ಬರುವುದಿಲ್ಲ. ಆಲ್ ಕಾರ್ಖಾನೆಯಿಂದ ಹೊರಟು ಮಾಲೀಕನಾಗಬಹುದು. ಅವಳು ಹೊರಟರೆ ಯಾರದೋ ಮನೆಗೇ ಹೋಗಬೇಕು. 1931ರಲ್ಲಿ ಅವಳಿಗೆ ಬಾಗಿಲುಗಳು ಮುಚ್ಚಿದ್ದವು, ಒಪ್ಪುತ್ತೇನೆ. ಆದರೆ ಚಿತ್ರಕತೆ ಬರೆದಾಕೆ ಲೆನೋರ್ ಕಾಫಿ ಸ್ಟುಡಿಯೋದಲ್ಲಿ ಸಂಬಳ ಎಣಿಸಿಕೊಳ್ಳುತ್ತಿದ್ದ ಹೆಂಗಸೇ ಅಲ್ಲವೇ? ಬಾಗಿಲು ಮುಚ್ಚಿದ್ದನ್ನಾದರೂ ಒಂದು ದೃಶ್ಯದಲ್ಲಿ ತೋರಿಸಬಹುದಿತ್ತು.

ಕಡೆಯ ದೃಶ್ಯ ಚುನಾವಣಾ ಸಭೆ. ಮಾರ್ಕ್ ಭಾಷಣ ಮಾಡುತ್ತಿದ್ದಾನೆ, ಜನರ ನಡುವೆ ಮೇರಿಯನ್ ಸದ್ದಿಲ್ಲದೆ ಕೂತಿದ್ದಾಳೆ. ಇದ್ದಕ್ಕಿದ್ದ ಹಾಗೆ ಮೇಲಿನಿಂದ ಚೀಟಿಗಳು ಉದುರುತ್ತವೆ. ಒಂದೊಂದರಲ್ಲೂ ಒಂದೇ ಸಾಲು: ಮಿಸೆಸ್ ಮೋರ್‌ಲ್ಯಾಂಡ್ ಯಾರು? ಕಾಗದದ ಪೆಟ್ಟಿಗೆ ಮಡಿಸುತ್ತಿದ್ದ ಹುಡುಗಿಗೆ ಮದುವೆಯ ಕಾಗದ ಸಿಗಲಿಲ್ಲ. ಸಿಕ್ಕ ಕಾಗದ ಇದು, ಸಾವಿರಾರು ಜನರ ಕೈಯಲ್ಲಿ ಏಕಕಾಲಕ್ಕೆ.

ಅವಳು ಎದ್ದು ನಿಲ್ಲುತ್ತಾಳೆ. ಮಿಸೆಸ್ ಮೋರ್‌ಲ್ಯಾಂಡ್ ನಾನೇ, ಅವರು ಯಾವತ್ತೂ ಮರ್ಯಾದಸ್ಥರು, ಒಂದು ಕಾಲಕ್ಕೆ ನನ್ನವರಾಗಿದ್ದರು, ಈಗ ನಿಮ್ಮವರು ಎನ್ನುತ್ತಾಳೆ. ಇಟ್ಟುಕೊಂಡವಳು ಇಟ್ಟುಕೊಂಡವನ ಮೇಲೆ ಒಡೆತನ ಹೇಳಿ, ಹಾಗೇ ಬಿಟ್ಟುಕೊಡುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ಅವಳು ಅಳುತ್ತಾ ಹೊರಗೆ ನಡೆಯುತ್ತಾಳೆ. ಮಾರ್ಕ್ ಹಿಂದೆ ಓಡಿಬಂದು ತಡೆದು, ಏನೇ ಆಗಲಿ ಇನ್ನು ಮುಂದೆ ಜೊತೆಗಿರುತ್ತೇವೆ ಎಂದು ಮಾತು ಕೊಡುತ್ತಾನೆ. ಚುನಾವಣೆ ಗೆದ್ದನೋ ಸೋತನೋ ಚಿತ್ರ ತೋರಿಸುವುದಿಲ್ಲ. ಮದುವೆಯನ್ನೂ ತೋರಿಸುವುದಿಲ್ಲ.